ತಡೆದ ನೂರು, ತಪ್ಪಿದ ಒಂದು



ನಿಮ್ಮ ಮನೆಯಲ್ಲಿ ಯುವಕರಿದ್ದರೆ ಈ ದೃಶ್ಯ ನಿಮಗೆ ಹೊಸದಲ್ಲ. ಪಂದ್ಯ ಮುಗಿದಿದೆ. ಆಟಗಾರರು ಮೈದಾನ ಬಿಟ್ಟು ಹೋಗಿದ್ದಾರೆ. ಆದರೆ ನಮ್ಮ ಜಗಲಿಯಲ್ಲಿ, ಚಹಾ ಅಂಗಡಿಯ ಬೆಂಚಿನ ಮೇಲೆ ಇನ್ನೊಂದು ಪಂದ್ಯ ಆಗಷ್ಟೇ ಆರಂಭವಾಗಿದೆ. ಅಲ್ಲಿ ಆರೋಪಿ ಹಾಜರಿಲ್ಲ, ಅವನ ಪರವಾಗಿ ಮಾತಾಡುವವರಿಲ್ಲ, ಸಾಕ್ಷ್ಯವನ್ನು ಪರಿಶೀಲಿಸುವ ತಾಳ್ಮೆಯೂ ಯಾರಿಗಿಲ್ಲ. ತೀರ್ಪು ಮಾತ್ರ ಸಿದ್ಧವಾಗಿದೆ.

ವಿಶ್ವಾಸ ಮತ್ತು ನಡತೆಯ ಕುರಿತು ಓದಲು ಕೈಗೆತ್ತಿಕೊಂಡ ಮಾಸಿಕದಲ್ಲಿ ಕಾಲ್ಚೆಂಡಾಟಕ್ಕೇನು ಕೆಲಸ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ಒಬ್ಬ ಮನುಷ್ಯ ಇನ್ನೊಬ್ಬನನ್ನು ಹೇಗೆ ತೂಗುತ್ತಾನೆ ಎಂಬುದು ಅವನು ಎಚ್ಚರಿಕೆಯಿಂದ ಮಾತಾಡುವ ಸಭೆಗಳಲ್ಲಿ ತಿಳಿಯುವುದಿಲ್ಲ. ಎಚ್ಚರ ತಪ್ಪಿ ಆಡುವ ಹರಟೆಯಲ್ಲಿ ತಿಳಿಯುತ್ತದೆ. ಆಟದ ಕುರಿತ ಹರಟೆಯಲ್ಲಿ ರೂಢಿಯಾದ ತಕ್ಕಡಿಯನ್ನೇ ನಾವು ಮನೆಗೆ, ನೆರೆಹೊರೆಗೆ, ಜಮಾಅತ್‌ಗೆ ಕೊಂಡೊಯ್ಯುತ್ತೇವೆ. ಆದ್ದರಿಂದ ಆ ತಕ್ಕಡಿಯನ್ನು ಒಮ್ಮೆ ಪರೀಕ್ಷಿಸಿ ನೋಡುವುದು ವ್ಯರ್ಥವಲ್ಲ.

ಶೀಳನೆರೆಯ ಒಂದು ರಾತ್ರಿ

2023ರ ಜೂನ್ 27, ಮಂಗಳವಾರ. ಬಕ್ರೀದ್‌ಗೆ ಎರಡೇ ದಿನ ಉಳಿದಿತ್ತು. ನಾನು ಮಂಡ್ಯ ಜಿಲ್ಲೆಯ ಕೆ.ಆರ್.ಪೇಟೆ ತಾಲೂಕಿನ ಶೀಳನೆರೆಯಲ್ಲಿ ಬಂಧುಗಳ ಮನೆಯಲ್ಲಿದ್ದೆ. ಕಬ್ಬು, ರಾಗಿ, ತೆಂಗಿನ ಸೀಮೆ ಅದು, ಕಾಲ್ಚೆಂಡಿನ ಸೀಮೆಯಲ್ಲ. ಅಲ್ಲಿಯ ಮಕ್ಕಳು ಆಡುವುದು ಕಬಡ್ಡಿ ಮತ್ತು ಕ್ರಿಕೆಟ್. ಆದರೆ ಬೆಂಗಳೂರಿನ ಗ್ಯಾರೇಜುಗಳಲ್ಲಿ, ಅಂಗಡಿಗಳಲ್ಲಿ ದುಡಿಯುವ ಹುಡುಗರು ಹಬ್ಬಕ್ಕೆಂದು ಊರಿಗೆ ಬಂದಿದ್ದರು. ಬರುವಾಗ ಬಟ್ಟೆಬರೆ, ಸಿಹಿತಿಂಡಿಗಳೊಂದಿಗೆ ಈ ಆಟದ ಹುಚ್ಚನ್ನೂ ತಂದಿದ್ದರು. ಅಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್‌ನ ಪಂದ್ಯ. ಭಾರತದ ಎದುರಾಳಿ, ಅತಿಥಿ ತಂಡವಾಗಿ ಬಂದಿದ್ದ ಕುವೈತ್. ಇಶಾ ನಮಾಝ್ ಮುಗಿಸಿ ಬಂದ ಹುಡುಗರು ಜಗಲಿಯಲ್ಲಿ ಒಂದೇ ಮೊಬೈಲಿನ ಸುತ್ತ ಮುತ್ತಿಕೊಂಡಿದ್ದರು.

ಮೊದಲಾರ್ಧದ ಕೊನೆಯಲ್ಲಿ ಸುನಿಲ್ ಛೆಟ್ರಿ ಗೋಲು ಹೊಡೆದರು. ಜಗಲಿ ಕುಣಿಯಿತು. ದ್ವಿತೀಯಾರ್ಧ ಬಿಸಿಯೇರಿತು, ಭಾರತದ ತರಬೇತುದಾರ ಇಗೋರ್ ಸ್ಟಿಮಾಚ್ ಅವರಿಗೇ ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳುಹಿಸಲಾಯಿತು. ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ಕ್ಷಣಗಳು ಓಡುತ್ತಿದ್ದವು. ಗೆಲುವು ಕೈಗೆ ಬಂದಂತೆಯೇ ಇತ್ತು. ಆಗ ಕುವೈತ್ ಆಟಗಾರನೊಬ್ಬ ಬದಿಯಿಂದ ಚೆಂಡನ್ನು ಗೋಲಿನ ಮುಂಭಾಗಕ್ಕೆ ತಳ್ಳಿದ. ಅದನ್ನು ಹೊರದಬ್ಬಲೆಂದು ನಮ್ಮ ರಕ್ಷಣಾ ಆಟಗಾರ ಅನ್ವರ್ ಅಲಿ ಕಾಲು ಚಾಚಿದ. ಚೆಂಡು ಅವನ ಕಾಲಿಗೆ ತಗಲಿ, ತಿರುಗಿ, ಭಾರತದ್ದೇ ಬಲೆಯೊಳಗೆ ಹೋಯಿತು. ಪಂದ್ಯ 1-1ರಲ್ಲಿ ಮುಗಿಯಿತು.

ಜಗಲಿಯಲ್ಲಿ ಒಂದು ಕ್ಷಣ ಮೌನ. ಬಳಿಕ ಮಾತಿನ ಕಟ್ಟೆ ಒಡೆಯಿತು. "ಇವನನ್ನು ತಂಡಕ್ಕೆ ಸೇರಿಸಿದ್ದೇ ತಪ್ಪು" ಎಂದ ಒಬ್ಬ. "ಹೃದಯದ ಕಾಯಿಲೆ ಇರುವವನನ್ನು ಆಡಿಸಿದರೆ ಇನ್ನೇನಾಗುತ್ತದೆ?" ಎಂದು ಇನ್ನೊಬ್ಬ ನಕ್ಕ. ಮತ್ತೊಬ್ಬ ಸಿಟ್ಟಿನಿಂದ, "ಮೀರ್ ಸಾದಿಕ್!" ಎಂದುಬಿಟ್ಟ. ನಾಲ್ಕನೆಯವನು ಅಷ್ಟೇ ಬಿರುಸಾಗಿ, "ಬಾಯಿ ಮುಚ್ಚಿ, ಅವನು ನಮ್ಮವನು. ನಮ್ಮವನನ್ನು ನಾವೇ ಬೈಯುವುದೇ?" ಎಂದ. ವಾದ ಹನ್ನೊಂದು ಗಂಟೆಯವರೆಗೂ ನಡೆಯಿತು.

ಪಕ್ಕದ ಮನೆಯ ಹಿರಿಯ ಗೌಡರೊಬ್ಬರು ಮೆಟ್ಟಿಲ ಮೇಲೆ ಕುಳಿತು ಇದೆಲ್ಲವನ್ನೂ ಕೇಳುತ್ತಿದ್ದರು. ಅವರು ತಮ್ಮ ಕಾಲದಲ್ಲಿ ನೀರುಗಂಟಿಯಾಗಿದ್ದವರು. ಕೆರೆಯ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಹೋಗಬೇಕೆಂದು ನೋಡಿ, ರಾತ್ರಿಯೆಲ್ಲಾ ಏರಿ ಕಾಯುವ ಕೆಲಸ. ಅವರಿಗೆ ಕಾಲ್ಚೆಂಡಿನ ಗಂಧಗಾಳಿ ಇಲ್ಲ. ಎದ್ದು ಹೋಗುವಾಗ ಇಷ್ಟೇ ಹೇಳಿದರು: "ಮೂವತ್ತು ವರ್ಸ ತೂಬು ಕಾದೆ ಕಣ್ರಪ್ಪಾ. ನೀರು ಸರಿಯಾಗಿ ಹೋದ ದಿನ ನನ್ನ ಹೆಸರು ಯಾರೂ ಎತ್ತಲಿಲ್ಲ. ಏರಿ ಕಿತ್ತುಕೊಂಡ ಒಂದು ದಿನ ಇಡೀ ಊರು ಎತ್ತಿತು."

ಆ ಮಾತು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಈ ಲೇಖನ ಹುಟ್ಟಿದ್ದು ಅದರಿಂದ.

ಕಾಣದ ಕೆಲಸ

ಮೊದಲು ಆರೋಪಿಸಿದವರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರ ಅಸಮಾಧಾನಕ್ಕೆ ಆಧಾರವಿರಲಿಲ್ಲವೆಂದಲ್ಲ. ಅಂದಿನ ಆ ಒಂದು ಗೋಲಿನಿಂದ ಭಾರತ ಮತ್ತು ಕುವೈತ್ ಎರಡಕ್ಕೂ ಏಳು ಏಳು ಅಂಕಗಳಾದವು. ಗೋಲುಗಳ ಅಂತರವೂ ಸಮನಾಗಿತ್ತು. ಒಟ್ಟು ಗೋಲುಗಳ ಲೆಕ್ಕದಲ್ಲಿ ಎಂಟು ಹೊಡೆದಿದ್ದ ಕುವೈತ್ ಗುಂಪಿನ ಅಗ್ರಸ್ಥಾನ ಪಡೆಯಿತು, ಏಳು ಹೊಡೆದಿದ್ದ ಭಾರತ ಎರಡನೆಯದಾಯಿತು. ಪರಿಣಾಮವಾಗಿ ಸೆಮಿಫೈನಲ್‌ನಲ್ಲಿ ಕುವೈತ್‌ಗೆ ಬಾಂಗ್ಲಾದೇಶ ಎದುರಾದರೆ, ಭಾರತಕ್ಕೆ ಬಲಿಷ್ಠ ಲೆಬನಾನ್ ಎದುರಾಯಿತು. ಒಂದು ತಪ್ಪಿಗೆ ಬೆಲೆಯಿತ್ತು, ಆ ಬೆಲೆಯನ್ನು ಇಡೀ ತಂಡ ತೆರಬೇಕಾಯಿತು. ತಪ್ಪನ್ನು ತಪ್ಪಲ್ಲವೆನ್ನುವುದು ಔದಾರ್ಯವಲ್ಲ. ಅದು ಸುಳ್ಳು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿತ್ತು? ಆ ರಾತ್ರಿಗೆ ಮುನ್ನ ಭಾರತ ತಂಡ ಸತತ ಎಂಟು ಪಂದ್ಯಗಳಲ್ಲಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಟ್ಟಿರಲಿಲ್ಲ. ಮಾರ್ಚ್‌ನಲ್ಲಿ ಇಂಫಾಲದಲ್ಲಿ ಮ್ಯಾನ್ಮಾರ್ ಮತ್ತು ಕಿರ್ಗಿಝ್ ಗಣರಾಜ್ಯದ ವಿರುದ್ಧ, ಜೂನ್‌ನಲ್ಲಿ ಭುವನೇಶ್ವರದಲ್ಲಿ ಮಂಗೋಲಿಯಾ, ವನುವಾಟು ಮತ್ತು ಎರಡು ಬಾರಿ ಲೆಬನಾನ್ ವಿರುದ್ಧ, ಬಳಿಕ ಬೆಂಗಳೂರಿನಲ್ಲಿ ಪಾಕಿಸ್ತಾನ ಮತ್ತು ನೇಪಾಳದ ವಿರುದ್ಧ ಭಾರತದ ಬಲೆ ಅಲುಗಿರಲಿಲ್ಲ. ಈ ಎಂಟು ಪಂದ್ಯಗಳ ಬಳಿಕ ಯಾವ ಜಗಲಿಯಲ್ಲಾದರೂ ರಕ್ಷಣಾ ಆಟಗಾರರ ಕುರಿತು ರಾತ್ರಿ ಹನ್ನೊಂದರವರೆಗೆ ಚರ್ಚೆ ನಡೆದಿತ್ತೇ? ನಾವು ಗೋಲು ಹೊಡೆದವರ ಹೆಸರನ್ನು ನೆನಪಿಟ್ಟುಕೊಂಡೆವು. ಗೋಲು ಆಗದಂತೆ ನೋಡಿಕೊಂಡವರ ಹೆಸರನ್ನು ಕೇಳಲಿಲ್ಲ.

ಇದರಲ್ಲಿ ಒಂದು ತತ್ವ ಅಡಗಿದೆ. ಮುಂಚೂಣಿ ಆಟಗಾರನ ಒಳ್ಳೆಯ ಕೆಲಸ ಎಲ್ಲರ ಕಣ್ಣಿಗೂ ಕಾಣುತ್ತದೆ. ಅವನು ಹತ್ತು ಬಾರಿ ಗುರಿ ತಪ್ಪಿ ಒಮ್ಮೆ ಗುರಿ ಮುಟ್ಟಿದರೆ ವೀರನೆನಿಸುತ್ತಾನೆ. ರಕ್ಷಣಾ ಆಟಗಾರನ ಪಾಡು ಇದಕ್ಕೆ ತಿರುಗುಮುರುಗು. ನೂರು ಬಾರಿ ತಡೆದು ಒಮ್ಮೆ ತಪ್ಪಿದರೆ ಆ ಒಂದರಿಂದಲೇ ಅವನು ಗುರುತಿಸಲ್ಪಡುತ್ತಾನೆ. ಯಾಕೆಂದರೆ ಅವನ ಒಳಿತೆಂದರೆ ಯಾವುದೋ ಒಂದು ಕೆಡುಕು ಸಂಭವಿಸದೆ ಹೋದದ್ದು. ಸಂಭವಿಸದೆ ಹೋದದ್ದನ್ನು ಎಣಿಸುವವರು ಯಾರು? ಇದನ್ನು ಆಲೋಚಿಸದೆ ಕಂಡದ್ದನ್ನಷ್ಟೇ ತೂಗುವವನ ತಕ್ಕಡಿ, ಅವನ ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ, ಮೊದಲೇ ಒಂದು ಕಡೆಗೆ ವಾಲಿರುತ್ತದೆ.

ಇನ್ನು ಆ ಹೃದಯದ ಕಾಯಿಲೆಯ ಮಾತು. ಅನ್ವರ್ ಅಲಿ ಪಂಜಾಬಿನ ಜಲಂಧರ್ ಜಿಲ್ಲೆಯ ಆದಂಪುರದವನು. 2017ರಲ್ಲಿ ಭಾರತದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿದ ಹುಡುಗ. 2019ರಲ್ಲಿ ವೈದ್ಯಕೀಯ ತಪಾಸಣೆಯಲ್ಲಿ ಅವನ ಹೃದಯದ ಸ್ನಾಯುವಿನಲ್ಲಿ ಹುಟ್ಟಿನಿಂದ ಬಂದ ತೊಂದರೆ ಕಂಡುಬಂತು. 2020ರಲ್ಲಿ ರಾಷ್ಟ್ರೀಯ ಫುಟ್ಬಾಲ್ ಸಂಸ್ಥೆ ಅವನನ್ನು ಅಭ್ಯಾಸದಿಂದ ದೂರವಿಡಲು ಸೂಚಿಸಿತು. ಇಪ್ಪತ್ತು ವರ್ಷದ ಹುಡುಗನ ಬಾಳಿನಲ್ಲಿ ಬಾಗಿಲು ಮುಚ್ಚಿದಂತಾಯಿತು. ಅವನು ದೆಹಲಿ ಹೈಕೋರ್ಟ್‌ನ ಮೊರೆಹೊಕ್ಕ. ಮತ್ತೆ ಮೈದಾನಕ್ಕೆ ಮರಳಿ 2022ರಲ್ಲಿ ಭಾರತದ ಹಿರಿಯರ ತಂಡದಲ್ಲಿ ಆಡಿದ. ಅದೇ ವರ್ಷದ ಜೂನ್‌ನಲ್ಲಿ ಕೋಲ್ಕತಾದಲ್ಲಿ ಹಾಂಕಾಂಗ್ ವಿರುದ್ಧ ಪಂದ್ಯದ ಎರಡನೆಯ ನಿಮಿಷದಲ್ಲೇ ಗೋಲು ಹೊಡೆದ. ಇಷ್ಟನ್ನು ತಿಳಿದಿದ್ದರೆ ಆ ಹುಡುಗ ನಗುತ್ತಿದ್ದನೇ? ನಗುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ನಮ್ಮ ಬಹುತೇಕ ಕ್ರೌರ್ಯಗಳು ದ್ವೇಷದಿಂದ ಹುಟ್ಟುವುದಿಲ್ಲ, ಅರ್ಧಂಬರ್ಧ ತಿಳಿವಳಿಕೆಯಿಂದ ಹುಟ್ಟುತ್ತವೆ.

ಪ್ರಮಾದವೂ ದ್ರೋಹವೂ ಒಂದೇ ಅಲ್ಲ

ಈಗ "ಮೀರ್ ಸಾದಿಕ್" ಎಂಬ ಮಾತಿಗೆ ಬರೋಣ. ಶ್ರೀರಂಗಪಟ್ಟಣದ ಆಸುಪಾಸಿನ ಸೀಮೆಯಲ್ಲಿ ಇದು ಬರೀ ಹೆಸರಲ್ಲ, ಬೈಗುಳ. 1799ರ ಮೇ 4ರಂದು ಕೋಟೆಯ ಗೋಡೆ ಬಿರುಕು ಬಿಟ್ಟ ಕಡೆಯಿಂದ ಬ್ರಿಟಿಷರು ನುಗ್ಗಿದಾಗ, ಸಂಬಳ ಹಂಚುವ ನೆಪದಲ್ಲಿ ಕಾವಲಿನ ಸೈನಿಕರನ್ನು ಅಲ್ಲಿಂದ ಸರಿಸಿದವನು ಮೀರ್ ಸಾದಿಕ್ ಎಂಬುದು ನಾವೆಲ್ಲ ಬಾಲ್ಯದಿಂದ ಕೇಳಿಕೊಂಡು ಬಂದ ಪ್ರತೀತಿ. ಹಾಗಾಗಿ ಕಾವಲು ತಪ್ಪಿದವರನ್ನೆಲ್ಲ ನಾವು ಆ ಹೆಸರಿನಿಂದ ಕರೆಯುತ್ತೇವೆ.

ಆದರೆ ಸ್ವಲ್ಪ ನಿಂತು ಯೋಚಿಸಿ. ಕಾವಲಿನವರನ್ನು ಬೇಕೆಂದೇ ಸರಿಸುವುದು ಒಂದು ಕೃತ್ಯ. ಕೊನೆಯ ಕ್ಷಣದವರೆಗೂ ಕಾವಲಿನಲ್ಲಿ ನಿಂತು, ಚೆಂಡನ್ನು ತಡೆಯಲೆಂದೇ ಮೈಯೊಡ್ಡಿ, ಅದು ಕಾಲಿಗೆ ತಗಲಿ ಒಳಹೋಗುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡರ ಫಲವೂ ಒಂದೇ, ವೈರಿ ಒಳಬಂದ. ಒಳಗಿನಿಂದ ನೋಡಿದರೆ ಎರಡರ ನಡುವೆ ಆಕಾಶ ಭೂಮಿಯ ಅಂತರವಿದೆ. ಕರ್ಮಗಳ ಮೌಲ್ಯವನ್ನು ಸಂಕಲ್ಪಕ್ಕೆ ಕಟ್ಟಿಹಾಕಿದ ಶಿಕ್ಷಣದಲ್ಲಿ ಬೆಳೆದವರು ನಾವು. ಮನುಷ್ಯಹತ್ಯೆಯಂತಹ ಘೋರ ವಿಷಯದಲ್ಲೂ ಪವಿತ್ರ ಕುರ್‌ಆನ್ ಅರಿಯದೆ ಆದದ್ದನ್ನೂ ಬೇಕೆಂದೇ ಮಾಡಿದ್ದನ್ನೂ ಪ್ರತ್ಯೇಕಿಸಿದೆ. ಅರಿಯದೆ ಆದದ್ದಕ್ಕೂ ಪರಿಹಾರವಿದೆ. ನಷ್ಟವನ್ನು ಲೆಕ್ಕದಿಂದ ಅಳಿಸಿಹಾಕಿಲ್ಲ. ಆದರೆ ಎಡವಿದವನನ್ನು ಕೊಲೆಗಾರನೊಂದಿಗೆ ಒಂದೇ ಸಾಲಿನಲ್ಲಿ ನಿಲ್ಲಿಸಿಲ್ಲ. ಜೀವದ ವಿಷಯದಲ್ಲೇ ಇಷ್ಟು ವಿವೇಚನೆ ಬೇಕಾದರೆ, ಒಂದು ಚೆಂಡಿನ ವಿಷಯದಲ್ಲಿ ನಮಗೇಕೆ ಅದು ಸಾಧ್ಯವಿಲ್ಲ?

ಪ್ರಮಾದವನ್ನು ದ್ರೋಹವೆಂದು ಕರೆಯುವುದು ಬರೀ ಬಾಯಿಚಪಲವಾಗಿ ಉಳಿಯುವುದಿಲ್ಲ. 1994ರ ವಿಶ್ವಕಪ್‌ನಲ್ಲಿ ಕೊಲಂಬಿಯಾದ ರಕ್ಷಣಾ ಆಟಗಾರ ಆಂದ್ರೆಸ್ ಎಸ್ಕೊಬಾರ್ ಕೂಡ ಹೀಗೆಯೇ ಎದುರಾಳಿಯ ಚೆಂಡನ್ನು ತಡೆಯಲು ಕಾಲು ಚಾಚಿದ್ದ. ಜೂನ್ 22ರಂದು ಅಮೆರಿಕದ ವಿರುದ್ಧದ ಪಂದ್ಯ. ಚೆಂಡು ತನ್ನದೇ ಬಲೆಗೆ ಹೋಯಿತು, ಕೊಲಂಬಿಯಾ 2-1ರಿಂದ ಸೋತಿತು. ಊರಿಗೆ ಮರಳಿದ ಅವನನ್ನು ಜುಲೈ 2ರಂದು ಮೆದಲಿನ್ ನಗರದಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಅವನ ವಯಸ್ಸು 27. ಕೊಂದವನು ಒಬ್ಬ. ಆದರೆ ಆ ಹತ್ತು ದಿನ ಅವನ ಹೆಸರನ್ನು ಸಿಟ್ಟಿನಿಂದ ಉಚ್ಚರಿಸಿದ ನಾಲಿಗೆಗಳೆಷ್ಟೋ!

ನಮ್ಮ ದೇಶದ ಉದಾಹರಣೆ ಬೇಕೇ? 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಟ್ವೆಂಟಿ-20 ವಿಶ್ವಕಪ್ ಕ್ರಿಕೆಟ್ ಪಂದ್ಯದಲ್ಲಿ ಭಾರತ ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಿತು. ಹನ್ನೊಂದು ಮಂದಿ ಸೋತ ಪಂದ್ಯವದು. ಆದರೆ ಮುಹಮ್ಮದ್ ಶಮಿಯ ನಿಷ್ಠೆಯನ್ನೇ ಪ್ರಶ್ನಿಸುವ ಕೊಳಕು ಮಾತುಗಳು ಹರಿದಾಡಿದವು. ಆಗ ನಾವೆಲ್ಲ ನೊಂದೆವು. ಬೌಲಿಂಗ್ ಕೆಟ್ಟಿತ್ತೆಂದರೆ ಒಪ್ಪೋಣ, ಮನಸ್ಸು ಕೆಟ್ಟಿತ್ತೆನ್ನಲು ಇವರಾರು ಎಂದು ಕೇಳಿದೆವು. ತಂಡದ ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿಯ ಪರ ನಿಂತಾಗ ನಮ್ಮ ಕಣ್ಣು ತುಂಬಿತು. 2022ರ ಸೆಪ್ಟೆಂಬರ್‌ನಲ್ಲಿ ಒಂದು ಕ್ಯಾಚ್ ಕೈಬಿಟ್ಟದ್ದಕ್ಕೆ ಸಿಖ್ ಯುವಕ ಅರ್ಷದೀಪ್ ಸಿಂಗ್ ಇದೇ ಸಂಕಟ ಅನುಭವಿಸಿದ. ಹೀಗಿರುವಾಗ, ಶೀಳನೆರೆಯ ಜಗಲಿಯಲ್ಲಿ ನಮ್ಮ ಹುಡುಗನ ಬಾಯಿಂದಲೇ "ಮೀರ್ ಸಾದಿಕ್" ಎಂಬ ಮಾತು ಬಂದಾಗ ನಾವು ಸುಮ್ಮನಿರಬಹುದೇ? ಇತರರು ನಮ್ಮ ಮೇಲೆ ಪ್ರಯೋಗಿಸಿದಾಗ ಅನ್ಯಾಯವೆನಿಸಿದ ಆಯುಧ ನಮ್ಮ ಕೈಯಲ್ಲಿದ್ದಾಗ ನ್ಯಾಯವಾಗುವುದಿಲ್ಲ.

"ಅವನು ನಮ್ಮವನು"

ಹಾಗಾದರೆ ನಾಲ್ಕನೆಯ ಹುಡುಗನ ಮಾತು ಸರಿಯೇ? "ನಮ್ಮವನು" ಎಂಬ ಕಾರಣಕ್ಕೆ ಅವನು ಅನ್ವರ್ ಅಲಿಯ ಪರ ನಿಂತ. ಆ ಕ್ಷಣದಲ್ಲಿ ನನಗೂ ಅವನ ಮಾತೇ ಹಿತವೆನಿಸಿತ್ತು. ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಬಳಿಕ ಯೋಚಿಸಿದಾಗ, ಈ ಸಮರ್ಥನೆಯೂ ಆ ಬೈಗುಳದ ಒಡಹುಟ್ಟಿದ್ದೇ ಎನಿಸಿತು. ಹೆಸರು ನೋಡಿ ದೂಷಿಸುವವನೂ ಹೆಸರು ನೋಡಿ ಬಿಟ್ಟುಬಿಡುವವನೂ ಕೃತ್ಯವನ್ನು ನೋಡಿಲ್ಲ. ಇಬ್ಬರೂ ಆಟಗಾರನನ್ನು ತೂಗಲಿಲ್ಲ, ಅವನ ಗುರುತಿನ ಚೀಟಿಯನ್ನು ತೂಗಿದರು.

ಒಂದು ಜನತೆಯ ಮೇಲಿನ ಹಗೆತನವು ನಿಮ್ಮನ್ನು ಅನ್ಯಾಯಕ್ಕೆ ಪ್ರೇರೇಪಿಸಬಾರದೆಂಬ ಆದೇಶ ನಮಗೆಲ್ಲ ಬಾಯಿಪಾಠ. ವೇದಿಕೆಗಳಲ್ಲಿ ಅದನ್ನು ಇತರರಿಗೆ ಕೇಳಿಸುತ್ತೇವೆ. ಸ್ವತಃ ನಿಮ್ಮ ವಿರುದ್ಧ, ನಿಮ್ಮ ಮಾತಾಪಿತರ ಮತ್ತು ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂಬ ಆದೇಶವೂ ಅದೇ ಗ್ರಂಥದಲ್ಲಿದೆ. ಅದನ್ನು ಮಾತ್ರ ಮೆಲ್ಲನೆ ಓದುತ್ತೇವೆ. ಹಗೆತನ ಮಾತ್ರವಲ್ಲ, ಪ್ರೀತಿಯೂ ತಕ್ಕಡಿಯನ್ನು ವಾಲಿಸುತ್ತದೆ. ಅಂದು ಆ ಜಾಗದಲ್ಲಿ ಬೇರೆ ಹೆಸರಿನ ಆಟಗಾರನಿದ್ದಿದ್ದರೆ ನಾಲ್ಕನೆಯ ಹುಡುಗ ಅದೇ ಬಿರುಸಿನಿಂದ ಅವನ ಪರ ನಿಲ್ಲುತ್ತಿದ್ದನೇ? ನಿಲ್ಲುತ್ತಿದ್ದನೆಂದಾದರೆ ಅವನು ನ್ಯಾಯವಂತ. ಇಲ್ಲವೆಂದಾದರೆ ಅವನೂ ಬರೀ ಅಭಿಮಾನಿ.

ಉಹುದ್‌ನ ಗುಡ್ಡ

ಕಾವಲು ತಪ್ಪಿದವರ ವಿಷಯ ಬಂದಾಗ ನನಗೆ ಉಹುದ್ ನೆನಪಾಗುತ್ತದೆ. ಹಿಜರಿ ಮೂರನೆಯ ವರ್ಷ. ಪ್ರವಾದಿವರ್ಯರು(ಸ) ಸುಮಾರು ಐವತ್ತು ಮಂದಿ ಬಿಲ್ಗಾರರನ್ನು ಅಬ್ದುಲ್ಲಾ ಬಿನ್ ಜುಬೈರ್‌ರ ನಾಯಕತ್ವದಲ್ಲಿ ಗುಡ್ಡದ ಮೇಲೆ ನಿಲ್ಲಿಸಿ, ಗೆದ್ದರೂ ಸೋತರೂ ಈ ಜಾಗ ಬಿಡಕೂಡದೆಂದು ಆಜ್ಞಾಪಿಸಿದ್ದರು. ಗೆಲುವು ಕಂಡ ಕೂಡಲೇ ಅವರಲ್ಲಿ ಹೆಚ್ಚಿನವರು ಯುದ್ಧಸೊತ್ತಿನ ಕಡೆಗೆ ಇಳಿದುಹೋದರು. ತೆರೆದ ಆ ದಾರಿಯಿಂದ ವೈರಿ ಪಡೆ ಹಿಂದಿನಿಂದ ಎರಗಿತು. ಸುಮಾರು ಎಪ್ಪತ್ತು ಮಂದಿ ಹುತಾತ್ಮರಾದರು. ಸ್ವತಃ ಪ್ರವಾದಿವರ್ಯರು(ಸ) ಗಾಯಗೊಂಡರು.

ಇದು ಕಾಲು ತಪ್ಪಿದ ಪ್ರಮಾದವಲ್ಲ. ಸ್ಪಷ್ಟ ಆಜ್ಞೆಯ ಉಲ್ಲಂಘನೆ. ಬೆಲೆಯಾಗಿ ತೆತ್ತದ್ದು ಗುಂಪಿನ ಅಗ್ರಸ್ಥಾನವನ್ನಲ್ಲ, ಹಂಝರಂತಹ(ರ) ವೀರರ ಜೀವಗಳನ್ನು. ಆದರೂ ಆಮೇಲೆ ಏನಾಯಿತು? ತಪ್ಪನ್ನು ಮುಚ್ಚಿಡಲಿಲ್ಲ. ಅದು ಎಲ್ಲಿಂದ ಬಂತು, ಯಾವ ಆಸೆಯಿಂದ ಬಂತು ಎಂಬುದನ್ನು ಲೋಕಾಂತ್ಯದವರೆಗೆ ಓದಲಾಗುವ ಗ್ರಂಥದಲ್ಲಿಯೇ ದಾಖಲಿಸಲಾಯಿತು. ಆದರೆ ಅವರನ್ನು ಕ್ಷಮಿಸಲಾಗಿದೆಯೆಂಬ ಘೋಷಣೆಯೂ ಅಲ್ಲಿಯೇ ಇದೆ. ಅಷ್ಟೇ ಅಲ್ಲ, ಅವರೊಂದಿಗೆ ಮೃದುವಾಗಿ ವರ್ತಿಸಲು, ಅವರಿಗಾಗಿ ಕ್ಷಮೆ ಬೇಡಲು, ಕೆಲಸಕಾರ್ಯಗಳಲ್ಲಿ ಅವರೊಂದಿಗೆ ಸಮಾಲೋಚಿಸಲು ಪ್ರವಾದಿವರ್ಯರಿಗೆ(ಸ) ಆದೇಶ ಬಂತು.

ಕೊನೆಯ ಮಾತನ್ನು ಗಮನಿಸಿ. ಕ್ಷಮಿಸಿ ಮೂಲೆಗೆ ಸರಿಸುವುದಲ್ಲ, ಕ್ಷಮಿಸಿ ಮತ್ತೆ ಸಲಹೆ ಕೇಳುವುದು. ತಪ್ಪನ್ನು ಹೆಸರಿಟ್ಟು ಕರೆಯುವುದು, ತಪ್ಪಿದವನನ್ನು ಕೈಬಿಡದಿರುವುದು. ಇವೆರಡನ್ನೂ ಒಟ್ಟಿಗೆ ಮಾಡುವುದೇ ಕಷ್ಟ. ನಾವು ಸಾಮಾನ್ಯವಾಗಿ ಒಂದನ್ನಷ್ಟೇ ಮಾಡುತ್ತೇವೆ. ತಪ್ಪನ್ನು ಹೇಳುವವರು ಮನುಷ್ಯನನ್ನು ಕೈಬಿಡುತ್ತಾರೆ, ಮನುಷ್ಯನನ್ನು ಉಳಿಸಿಕೊಳ್ಳುವವರು ತಪ್ಪನ್ನು ಮುಚ್ಚುತ್ತಾರೆ.

ಹಾಗಾದರೆ ಮಾತಾಡಲೇಬಾರದೇ?

ನಿಮ್ಮಲ್ಲಿ ಯಾರಾದರೂ ಆಕ್ಷೇಪಿಸಬಹುದು: "ಆಟಗಾರನು ಸಾರ್ವಜನಿಕ ವ್ಯಕ್ತಿ. ಸಂಭಾವನೆ ಪಡೆದು ದೇಶದ ಹೆಸರಿನಲ್ಲಿ ಆಡುವವನು. ಅವನ ಆಟವನ್ನು ವಿಮರ್ಶಿಸುವುದೂ ಪರದೂಷಣೆಯೇ?" ಈ ಆಕ್ಷೇಪದಲ್ಲಿ ತೂಕವಿದೆ. ಆಟವನ್ನು ವಿಮರ್ಶಿಸುವುದು ಪರದೂಷಣೆಯಲ್ಲ. ಅವನು ನಿಂತ ಜಾಗ ಸರಿಯಿತ್ತೇ, ಬಲಗಾಲಿನ ಬದಲು ಎಡಗಾಲು ಚಾಚಬೇಕಿತ್ತೇ, ಅವನ ಬದಲು ಇನ್ನೊಬ್ಬನನ್ನು ಆಡಿಸಬೇಕಿತ್ತೇ ಎಂಬ ಚರ್ಚೆಯಿಲ್ಲದೆ ಯಾವ ವಿದ್ಯೆಯೂ ಬೆಳೆಯದು. ತರಬೇತುದಾರನಿಗೆ, ಆಯ್ಕೆ ಮಾಡುವವರಿಗೆ ಅದು ಕರ್ತವ್ಯವೂ ಹೌದು.

ಆದರೆ ಗೆರೆ ಎಲ್ಲಿದೆ? ಕಾಲಿನ ಬಗ್ಗೆ ಆಡುವ ಮಾತು ಎದೆಯ ಬಗ್ಗೆ ಆಡುವ ಮಾತಾಗಿ ಬದಲಾಗುವಲ್ಲಿ ಗೆರೆಯಿದೆ. "ಅವನು ತಪ್ಪು ಮಾಡಿದ" ಎಂಬುದು ವರದಿ. "ಅವನು ಇಂಥವನೇ" ಎಂಬುದು ತೀರ್ಪು. "ಅವನು ಬೇಕೆಂದೇ ಮಾಡಿದ" ಎಂಬುದು ಕಣ್ಣಿಗೆ ಕಾಣದ ವಿಷಯದಲ್ಲಿ ಸಾಕ್ಷ್ಯ ನುಡಿದಂತೆ. ಒಬ್ಬನ ಬೆನ್ನ ಹಿಂದೆ ಅವನಿಗೆ ಬೇಸರವಾಗುವಂತಹ ಮಾತನ್ನಾಡುವುದು, ಅದು ಸತ್ಯವಾಗಿದ್ದರೂ, ಗೀಬತ್ ಎನಿಸುತ್ತದೆ. ಸುಳ್ಳಾಗಿದ್ದರೆ ಅದಕ್ಕಿಂತಲೂ ಕೆಟ್ಟದಾದ ಅಪವಾದವಾಗುತ್ತದೆ. ಹೀಗಿರುವಾಗ ನಾವು ಕಂಡದ್ದನ್ನಷ್ಟೇ ಹೇಳಿ, ಕಾಣದ್ದರ ಮುಂದೆ ನಿಲ್ಲಬೇಕು. ಅವನು ಎದುರಿಗೆ ಕುಳಿತಿದ್ದರೆ ಈ ಮಾತನ್ನು ಇದೇ ರೀತಿ ಆಡುತ್ತಿದ್ದೆನೇ ಎಂದು ಕೇಳಿಕೊಂಡರೆ ಸಾಕು, ನಮ್ಮ ಚರ್ಚೆಯ ಅರ್ಧ ಭಾಗ ತಾನಾಗಿಯೇ ಉದುರಿಹೋಗುತ್ತದೆ. ಉಳಿದ ಅರ್ಧ ಒಳ್ಳೆಯ ಚರ್ಚೆಯಾಗಿರುತ್ತದೆ.

ನಮ್ಮ ಮನೆಯ ಕಾವಲಿನವರು

ಇಷ್ಟೆಲ್ಲ ಬರೆಯುವ ಅರ್ಹತೆ ನನಗಿದೆಯೇ? ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಲೇಬೇಕು. ಹಲವು ವರ್ಷಗಳ ಹಿಂದೆ ನಾನಿದ್ದ ಊರಿನ ಜಮಾಅತ್‌ನಲ್ಲಿ ಹಿರಿಯರೊಬ್ಬರು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಹದಿನೆಂಟು ವರ್ಷ ಒಂದು ಪೈಸೆಯ ಸಂಭಾವನೆಯಿಲ್ಲದೆ ಆ ಕೆಲಸ ಮಾಡಿದ್ದರು. ಹದಿನೆಂಟು ವರ್ಷವೂ ಲೆಕ್ಕ ಸರಿಯಿತ್ತು. ಆದ್ದರಿಂದಲೇ ಯಾರೂ ಅವರಿಗೆ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ. ಒಂದು ವರ್ಷ ಒಂದು ಮೊತ್ತ ಹೊಂದಿಬರಲಿಲ್ಲ. ಸಭೆಯಲ್ಲಿ ಎದ್ದುನಿಂತು, "ಹಣ ಎಲ್ಲಿಗೆ ಹೋಯಿತು ಎಂಬುದು ಲೆಕ್ಕ ಬರೆದವರಿಗೆ ಗೊತ್ತಿರಬೇಕು" ಎಂದವನು ನಾನು. ಅವರು ಮಾತಾಡಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಮೂರು ವಾರಗಳ ಬಳಿಕ ತಿಳಿಯಿತು, ಒಂದೇ ರಶೀದಿಯನ್ನು ಎರಡು ಬಾರಿ ಬರೆಯಲಾಗಿತ್ತು. ಹಣ ಎಲ್ಲಿಗೂ ಹೋಗಿರಲಿಲ್ಲ.

ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಚಹಾ ಕೊಟ್ಟರು, ಕ್ಷಮಿಸಿದೆನೆಂದರು. ಅದು ಮನಸ್ಸಿನಿಂದಲೇ ಬಂದ ಮಾತೆಂದು ನನಗೆ ಗೊತ್ತು. ಆದರೆ ಆ ಪುಸ್ತಕವನ್ನು ಅವರು ಮತ್ತೆ ಮುಟ್ಟಲಿಲ್ಲ. ಸಭೆಯಲ್ಲಿ ನೂರು ಮಂದಿಯ ಮುಂದೆ ಹೇಳಿದ ಮಾತನ್ನು ಒಬ್ಬರ ಮನೆಯ ಚಾಪೆಯ ಮೇಲೆ ಹಿಂತೆಗೆದುಕೊಳ್ಳಲು ಸಾಧ್ಯವಿಲ್ಲವೆಂದು ನಾನು ಅಂದು ಕಲಿತೆ.

ನಿಮ್ಮ ಸುತ್ತ ನೋಡಿ. ಮೂವತ್ತು ವರ್ಷ ಹೊತ್ತಿಗೆ ಸರಿಯಾಗಿ ಅಡುಗೆ ಮಾಡಿದ ತಾಯಿಯ ಒಂದು ದಿನದ ಉಪ್ಪು ಹೆಚ್ಚಾದ ಸಾರು ಮನೆಮಂದಿಗೆ ನೆನಪಿರುತ್ತದೆ. ಸಾವಿರ ರಾತ್ರಿ ಮಗುವನ್ನು ಕಾದ ಸೊಸೆ ಒಂದು ಸಂಜೆ ಕಣ್ಣುತಪ್ಪಿದಾಗ ಮಗು ಬಿದ್ದರೆ, ಆ ಬಿದ್ದದ್ದೇ ಅವಳ ಚರಿತ್ರೆಯಾಗುತ್ತದೆ. ಅಪಘಾತವಿಲ್ಲದೆ ಬಸ್ಸು ಓಡಿಸಿದ ಚಾಲಕ, ಮಳೆಯಲ್ಲಿ ಕಂಬ ಹತ್ತಿ ದೀಪ ಉಳಿಸಿದ ಲೈನ್‌ಮನ್, ಇವರೆಲ್ಲರೂ ರಕ್ಷಣಾ ಆಟಗಾರರೇ. ಇವರ ಒಳಿತು ನಮಗೆ ಕಾಣುವುದು ಅದು ತಪ್ಪಿದ ದಿನ ಮಾತ್ರ. ಅಣುಗಾತ್ರದ ಒಳಿತನ್ನೂ ಬಿಡದೆ ತೂಗುವ ಒಂದು ದಿನದಲ್ಲಿ ವಿಶ್ವಾಸವಿಟ್ಟವರು, ಆ ದಿನದ ತಕ್ಕಡಿಯಿಂದ ಒಂದಿಷ್ಟಾದರೂ ಕಲಿಯಬೇಡವೇ?

ಕೊನೆಯ ಮಾತು

ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಜುಲೈ 1ರಂದು ಅದೇ ಕಂಠೀರವದಲ್ಲಿ ಲೆಬನಾನ್ ವಿರುದ್ಧ ಸೆಮಿಫೈನಲ್. ರಕ್ಷಣಾ ವಿಭಾಗದ ಹಿರಿಯ ಸಂದೇಶ್ ಝಿಂಗನ್ ಅಮಾನತಿನಿಂದಾಗಿ ಆಡುವಂತಿರಲಿಲ್ಲ. ಕೆಂಪು ಕಾರ್ಡ್ ಪಡೆದಿದ್ದ ಸ್ಟಿಮಾಚ್ ಬದಲಿಗೆ ಅಂದು ಮೈದಾನದ ಬದಿಯಲ್ಲಿ ನಿಂತಿದ್ದವರು ಸಹಾಯಕ ತರಬೇತುದಾರ ಮಹೇಶ್ ಗಾವ್ಲಿ, ಸ್ವತಃ ಭಾರತದ ಮಾಜಿ ರಕ್ಷಣಾ ಆಟಗಾರ. ಸ್ವಂತ ಗೋಲಿನ ಬಳಿಕ ನಾಲ್ಕು ದಿನವೂ ಕಳೆಯದ ಅನ್ವರ್ ಅಲಿಯನ್ನು ಬೆಂಚಿನ ಮೇಲೆ ಕೂರಿಸಲಿಲ್ಲ. ಅವನು ಆಡಿದ. ನೂರಿಪ್ಪತ್ತು ನಿಮಿಷ ಲೆಬನಾನ್‌ಗೆ ಒಂದೂ ಗೋಲು ದಕ್ಕಲಿಲ್ಲ. ಪೆನಾಲ್ಟಿ ಒದೆತಗಳಲ್ಲಿ ಭಾರತ 4-2ರಿಂದ ಗೆದ್ದಿತು. ಚೆಂಡನ್ನು ಬಲೆಗೆ ಮುಟ್ಟಿಸಿದ ನಾಲ್ವರಲ್ಲಿ ಅನ್ವರ್ ಅಲಿಯೂ ಒಬ್ಬ. ಜುಲೈ 4ರ ಫೈನಲ್‌ನಲ್ಲಿ ಅದೇ ಕುವೈತ್ ಮತ್ತೆ ಎದುರಾಯಿತು. ಮತ್ತೆ 1-1. ಪೆನಾಲ್ಟಿಗಳಲ್ಲಿ 5-4ರಿಂದ ಗೆದ್ದು ಭಾರತ ಒಂಬತ್ತನೆಯ ಬಾರಿಗೆ ಪ್ರಶಸ್ತಿ ಪಡೆಯಿತು.

ಹಬ್ಬ ಮುಗಿಸಿ ಬೆಂಗಳೂರಿಗೆ ಮರಳಿದ್ದ ಆ ಹುಡುಗರಲ್ಲೊಬ್ಬ ನನಗೆ ಫೋನ್ ಮಾಡಿ, "ಚಾಚಾ, ಅನ್ವರ್ ನಮ್ಮ ಬಾಯಿ ಮುಚ್ಚಿಸಿಬಿಟ್ಟ" ಎಂದು ಸಂತೋಷದಿಂದ ಹೇಳಿದ. ನನಗ್ಯಾಕೋ ಪೂರ್ತಿ ಸಂತೋಷವಾಗಲಿಲ್ಲ. ನಾನು ಕೇಳಿದೆ: "ಆ ಪೆನಾಲ್ಟಿ ಕಂಬಕ್ಕೆ ಬಡಿದು ಹೊರಗೆ ಹೋಗಿದ್ದರೆ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಕಷ್ಟವಿತ್ತು ಚಾಚಾ" ಎಂದ.

ಓದುಗರೇ, ನಮ್ಮ ಪರೀಕ್ಷೆ ಇರುವುದು ಇಲ್ಲಿಯೇ. ಗೆದ್ದವನನ್ನು ಕ್ಷಮಿಸಲು ದೊಡ್ಡ ಮನಸ್ಸು ಬೇಕಿಲ್ಲ. ಅವನ ಗೆಲುವೇ ನಮ್ಮಿಂದ ಕ್ಷಮೆಯನ್ನು ಕಿತ್ತುಕೊಳ್ಳುತ್ತದೆ. ಅನ್ವರ್ ಅಲಿಯ ಎರಡನೆಯ ಒದೆತವೂ ತಪ್ಪಿದ್ದರೂ ಜೂನ್ 27ರ ರಾತ್ರಿ ಅವನು ದ್ರೋಹಿಯಾಗಿರಲಿಲ್ಲ, ತಡೆಯಲು ಹೋಗಿ ಎಡವಿದವನಾಗಿದ್ದ. ಆ ಸತ್ಯ ಜುಲೈ 1ರ ಫಲಿತಾಂಶಕ್ಕಾಗಿ ಕಾಯುತ್ತಿರಲಿಲ್ಲ. ಆ ಹಿರಿಯರ ಲೆಕ್ಕದಲ್ಲೂ ಹಾಗೆಯೇ. ರಶೀದಿ ಸಿಗದೇ ಹೋಗಿದ್ದರೂ ಹದಿನೆಂಟು ವರ್ಷಗಳು ಹದಿನೆಂಟು ವರ್ಷಗಳೇ ಆಗಿದ್ದವು.

ಇಂದು ರಾತ್ರಿ ಊಟಕ್ಕೆ ಕುಳಿತಾಗ, ನಿಮ್ಮ ಮನೆಯಲ್ಲಿ ಯಾರ ಒಳಿತು ಕಾಣದೆ ಹೋಗಿದೆಯೆಂದು ಒಮ್ಮೆ ಯೋಚಿಸಿ. ಅವರು ತಪ್ಪುವ ದಿನಕ್ಕಾಗಿ ಕಾಯದೆ, ಏನೂ ತಪ್ಪದ ಈ ದಿನವೇ ಅವರಿಗೆ ಒಂದು ಒಳ್ಳೆಯ ಮಾತು ಹೇಳಿ. ನಮ್ಮ ನಾಲಿಗೆಗೂ ನಮ್ಮ ತಕ್ಕಡಿಗೂ ಅಲ್ಲಾಹನು ನೇರ ದಾರಿ ತೋರಲಿ.